ಗಾಜಿನ ತೊಟ್ಟಿಯ ಸಮುದ್ರಕ್ಕೆ ಎಷ್ಟು ಸುಣ್ಣ?

ಹವಳದ ಮೈ ಸುಣ್ಣದ್ದು. ಶಂಖ, ಕವಡೆ, ಕಪ್ಪೆಚಿಪ್ಪು, ಬಂಡೆಯ ಮೇಲೆ ಗುಲಾಬಿ ಲೇಪದಂತೆ ಹಬ್ಬುವ ಕೋರಲೈನ್ ಪಾಚಿ, ಎಲ್ಲವೂ ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಹೀರಿ ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡಿ ಮೈಗೆ ಸೇರಿಸಿಕೊಳ್ಳುತ್ತವೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಜೀವಿಗಳು ಎಷ್ಟು ತೆಗೆದರೂ ನದಿಗಳು ಕಲ್ಲು ಕರಗಿಸಿ ತಂದು ಮತ್ತೆ ತುಂಬುತ್ತವೆ. ಪಡಸಾಲೆಯ ಮೂಲೆಯಲ್ಲಿಟ್ಟ ನೂರು ಲೀಟರಿನ ಗಾಜಿನ ತೊಟ್ಟಿಗೆ ಮಾತ್ರ ಕೃಷ್ಣೆಯೂ ಇಲ್ಲ, ಭೀಮೆಯೂ ಇಲ್ಲ. ಅಲ್ಲಿ ಕಡಿಮೆಯಾದದ್ದನ್ನು ಮನೆಯವರೇ ತುಂಬಬೇಕು.

ಅದಕ್ಕೆಂದೇ ಅಂಗಡಿಯಲ್ಲಿ ಬಣ್ಣದ ಚೀಟಿ ಅಂಟಿಸಿದ ಬಾಟಲಿಗಳು ಸಿಗುತ್ತವೆ. ಒಳಗಿರುವುದು ಬಹುಪಾಲು ನೀರು, ಅದರಲ್ಲಿ ಕರಗಿಸಿದ ಒಂದು ಕ್ಯಾಲ್ಸಿಯಂ ಲವಣ. ವಿಜಯಪುರ ಜಿಲ್ಲೆಯವರು ಇದಕ್ಕೆ ದುಡ್ಡು ಸುರಿಯುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಮುದ್ದೇಬಿಹಾಳ ಸೀಮೆಯಿಂದ ತಾಳಿಕೋಟೆಯವರೆಗೆ ಹೋದರೆ ಮನೆಯ ನೆಲಕ್ಕೆ ಹಾಸಿದ್ದೂ ಸುಣ್ಣದ ಕಲ್ಲು, ಹೊಲದ ಬದುವಿಗೆ ಪೇರಿಸಿದ್ದೂ ಸುಣ್ಣದ ಕಲ್ಲು. ಎಲೆ ಅಡಿಕೆ ತಟ್ಟೆಯಲ್ಲಿ ಸುಣ್ಣ, ಗೋಳಗುಮ್ಮಟದ ಗಾರೆಯಲ್ಲಿ ಸುಣ್ಣ. ಆದರೆ ಸುಣ್ಣ ಅಗ್ಗ ಎಂದ ಮಾತ್ರಕ್ಕೆ ಅದನ್ನು ತೊಟ್ಟಿಗೆ ಸುರಿದರೆ ಆಗುವುದಿಲ್ಲ. ಈ ಕೆಲಸದಲ್ಲಿ ದುಡ್ಡು ಉಳಿಸುವುದು ಲೆಕ್ಕ, ಸುಣ್ಣವಲ್ಲ.

ಲೆಕ್ಕಕ್ಕೆ ಮೊದಲು ಕಾನೂನು. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರು ಮನೆಯ ತೊಟ್ಟಿಯಲ್ಲಿ ಬೆಳೆಸಿದ ಜೀವಂತ ಹವಳದ ವಿಡಿಯೊ ಕಳಿಸುತ್ತಾರೆ, ಇಲ್ಲಿ ಇಂಡಿಯಲ್ಲೋ ಸಿಂದಗಿಯಲ್ಲೋ ಕುಳಿತವರಿಗೆ ಆಸೆ ಹುಟ್ಟುತ್ತದೆ. ಅಲ್ಲಿ ತೋಟದಲ್ಲಿ ಗಿಡ ಬೆಳೆಸಿದಂತೆ ಹವಳದ ತುಂಡುಗಳನ್ನು ಬೆಳೆಸಿ ಮಾರುವ ವ್ಯಾಪಾರವೇ ಇದೆ. ನಮ್ಮಲ್ಲಿ ಹಾಗಲ್ಲ. ಬಂಡೆ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಗಾರ್ಗೋನಿಯನ್‌ಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಕಡಲಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಸಮುದ್ರದಿಂದ ಕಿತ್ತು ತಂದ ಹವಳದ ಬಂಡೆಯನ್ನು ‘ಲೈವ್ ರಾಕ್’ ಎಂಬ ಹೆಸರಿನಲ್ಲಿ ಕೊಳ್ಳುವುದೂ ಅಪರಾಧವೇ, ಶಿಕ್ಷೆ ಜೈಲಿನವರೆಗೆ ಹೋಗುತ್ತದೆ. ‘ಇದು ವಿದೇಶದ್ದು ಸರ್, ಏನೂ ಆಗಲ್ಲ’ ಎಂದು ಅಂಗಡಿಯವನು ಹೇಳಿದರೆ ಕಾಗದಪತ್ರ ತೋರಿಸು ಎನ್ನಿ, ಮಾತು ಅಲ್ಲಿಗೆ ನಿಲ್ಲುತ್ತದೆ. ಕರ್ನಾಟಕದಲ್ಲಿ ಜೀವಂತ ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಸುತ್ತ ನೀರಿಗೆ ಇಳಿಯಬೇಕು. ಅದು ಇರಬೇಕಾದ ಜಾಗ ಅದೇ.

ಹಾಗಾದರೆ ನಮ್ಮ ಊರಿನ ತೊಟ್ಟಿಗೆ ಕ್ಯಾಲ್ಸಿಯಂ ಯಾಕೆ? ಉಪ್ಪುನೀರಿನಲ್ಲಿ ಮೀನು ಸಾಕಿ, ಕೈಯಲ್ಲಿ ಮಾಡಿದ ಕೃತಕ ಬಂಡೆ ಇಟ್ಟರೂ ಅದರ ಮೇಲೆ ಗುಲಾಬಿ ಕೋರಲೈನ್ ಪಾಚಿ ಹಬ್ಬಿಸಬಹುದು. ಕೊಳವೆಹುಳುಗಳು ಸುಣ್ಣದ ನಳಿಗೆ ಕಟ್ಟುತ್ತವೆ, ಬಸವನಹುಳುಗಳು ಚಿಪ್ಪು ಬೆಳೆಸುತ್ತವೆ. ಹವಳದಷ್ಟಲ್ಲದಿದ್ದರೂ ಇವಕ್ಕೆಲ್ಲ ಸುಣ್ಣ ಬೇಕು. ಅಮೆರಿಕದ ಹವಳದ ತೊಟ್ಟಿಗೂ ಬಸವನ ಬಾಗೇವಾಡಿಯ ಗುಲಾಬಿ ಪಾಚಿಯ ತೊಟ್ಟಿಗೂ ರಸಾಯನಶಾಸ್ತ್ರ ಒಂದೇ, ಪ್ರಮಾಣ ಮಾತ್ರ ಬೇರೆ.

ಇಲ್ಲಿಂದ ಲೆಕ್ಕ.

ತೊಟ್ಟಿಯ ನೀರಿನಲ್ಲಿ ಕ್ಯಾಲ್ಸಿಯಂ ಒಂಟಿಯಾಗಿ ಖರ್ಚಾಗುವುದಿಲ್ಲ. ಸುಣ್ಣದ ಚಿಪ್ಪಿಗೆ ಕ್ಯಾಲ್ಸಿಯಂ ಎಷ್ಟು ಬೇಕೋ ಅದಕ್ಕೆ ಸರಿಯಾಗಿ ಕಾರ್ಬೊನೇಟ್ ಕೂಡ ಬೇಕು. ನೀರಿನಲ್ಲಿರುವ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಒಟ್ಟು ಬಲವನ್ನು ಕ್ಷಾರತೆ ಎನ್ನುತ್ತಾರೆ. ತೊಟ್ಟಿಯವರ ಪರೀಕ್ಷಾ ಕಿಟ್‌ಗಳು ಅದನ್ನು ಡಿಕೆಎಚ್ ಎಂಬ ಡಿಗ್ರಿಯಲ್ಲಿ ತೋರಿಸುತ್ತವೆ. ಸಮುದ್ರದ ನೀರಿನಲ್ಲಿ ಅದು ಸುಮಾರು 7 ಡಿಗ್ರಿ, ಮನೆಯ ತೊಟ್ಟಿಯಲ್ಲಿ 7ರಿಂದ 10ರ ನಡುವೆ ಇದ್ದರೆ ಒಳ್ಳೆಯದು. ಕ್ಯಾಲ್ಸಿಯಂ ಮತ್ತು ಕ್ಷಾರತೆ ಒಂದೇ ನೊಗಕ್ಕೆ ಹೂಡಿದ ಜೋಡಿ ಎತ್ತು. ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಚಿಪ್ಪಿಗೆ ಹೋದಾಗ ಅದರ ಜೊತೆಗೆ 2.8 ಡಿಗ್ರಿ ಕ್ಷಾರತೆ ಹೋಗುತ್ತದೆ. ಈ ಅನುಪಾತ ರಾಸಾಯನಿಕ ಸೂತ್ರದಿಂದಲೇ ಬಂದದ್ದು, ಯಾವ ಕಂಪನಿಯೂ ಬದಲಿಸಲಾರದು.

ಇದರಿಂದ ಹೊರಡುವ ಒಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಕ್ಷಾರತೆ 10 ಡಿಗ್ರಿಯಿಂದ 5ಕ್ಕೆ ಇಳಿದು ಅರ್ಧವಾಯಿತು ಎನ್ನಿ. ಅಷ್ಟು ಹೊತ್ತಿಗೆ ಕ್ಯಾಲ್ಸಿಯಂ ಇಳಿದಿರುವುದು ಬರೀ 36 ಮಿಲಿಗ್ರಾಂ, 420 ಇದ್ದದ್ದು 384 ಆಗಿರುತ್ತದೆ, ಅಷ್ಟೇ. ಕ್ಯಾಲ್ಸಿಯಂ ಕಿಟ್ ನೋಡಿದವನು ‘ಇನ್ನೂ ಬೇಕಾದಷ್ಟು ಇದೆ’ ಎಂದು ಸುಮ್ಮನಿರುತ್ತಾನೆ, ತೊಟ್ಟಿಯಲ್ಲಿ ಚಿಪ್ಪು ಬೆಳೆಯುವುದು ನಿಂತಿರುತ್ತದೆ. ಇನ್ನೊಬ್ಬ ಚಿಪ್ಪು ಬೆಳೆಯುತ್ತಿಲ್ಲವೆಂದು ಕ್ಯಾಲ್ಸಿಯಂ ಬಾಟಲಿಯನ್ನೇ ಮತ್ತೆ ಮತ್ತೆ ಸುರಿಯುತ್ತಾನೆ. ಇಬ್ಬರೂ ಕ್ಷಾರತೆ ಅಳೆಯಲಿಲ್ಲ. ಒಂದೇ ಕಿಟ್ ಕೊಳ್ಳುವಷ್ಟು ದುಡ್ಡಿದ್ದರೆ ಕ್ಷಾರತೆಯದ್ದೇ ಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಅದು ಕ್ಯಾಲ್ಸಿಯಂ ಕಿಟ್‌ಗಿಂತ ಅಗ್ಗ, ಬೇಗ ಸುಳಿವು ಕೊಡುವುದೂ ಅದೇ.

ಈಗ ಸುಣ್ಣಕ್ಕೆ ಬರೋಣ. ಒಂದೇ ವಸ್ತುವಿನಿಂದ ಎರಡನ್ನೂ ಸರಿಯಾದ ಅನುಪಾತದಲ್ಲಿ ಕೊಡಬೇಕೆಂದರೆ ಅದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಹೇಳಿ ಮಾಡಿಸಿದಂತಿದೆ. ಅದರಲ್ಲಿರುವ ಕ್ಯಾಲ್ಸಿಯಂ ಚಿಪ್ಪಿಗೆ, ಹೈಡ್ರಾಕ್ಸೈಡ್ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹಿಡಿದು ಕ್ಷಾರತೆಗೆ. ಹಿಂದೆ ಏನೂ ಉಳಿಯುವುದಿಲ್ಲ. ಯುರೋಪಿನಲ್ಲಿ ಪೀಟರ್ ವಿಲ್ಕೆನ್ಸ್ 1970ರ ದಶಕದಲ್ಲಿ ಈ ಸುಣ್ಣದ ತಿಳಿನೀರಿನ ಪದ್ಧತಿಯನ್ನು ತೊಟ್ಟಿಯವರಲ್ಲಿ ಬಳಕೆಗೆ ತಂದರು. ಈಗಲೂ ಜಗತ್ತಿನ ಹವಳ ಸಾಕುವವರು ಅದನ್ನು ಜರ್ಮನ್ ಹೆಸರಿನಲ್ಲೇ ‘ಕಾಲ್ಕ್‌ವಾಸರ್’ ಎಂದು ಕರೆದು ಬಳಸುತ್ತಾರೆ. ಅಮೆರಿಕದಲ್ಲಿ ಹಲವರು ಉಪ್ಪಿನಕಾಯಿಗೆ ಹಾಕುವ ಸುಣ್ಣದ ಪೊಟ್ಟಣವನ್ನು ದಿನಸಿ ಅಂಗಡಿಯಿಂದ ತಂದೇ ಕೆಲಸ ಸಾಗಿಸುತ್ತಾರೆ.

ಮಾಡುವುದು ಹೀಗೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಲೀಟರ್ ಆರ್‌ಒ ನೀರಿಗೆ ಎರಡು ಗ್ರಾಂ ಸುಣ್ಣದ ಪುಡಿ ಹಾಕಿ ಅಲುಗಾಡಿಸಿ ರಾತ್ರಿಯಿಡೀ ಬಿಡಬೇಕು. ಕರಗುವುದು ಒಂದೂವರೆ ಗ್ರಾಂನಷ್ಟು, ಮಿಕ್ಕದ್ದು ತಳಕ್ಕೆ ಕೂರುತ್ತದೆ. ಬಹುತೇಕ ಲವಣಗಳು ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ, ಸುಣ್ಣ ಮಾತ್ರ ತಿರುಗಮುರುಗ. ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ನಮ್ಮ ಏಪ್ರಿಲ್ ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಿನಲ್ಲಿ ತಿಳಿನೀರಿನ ಬಲ ಚಳಿಗಾಲಕ್ಕಿಂತ ತುಸು ಕಡಿಮೆ ಎಂಬುದು ನೆನಪಿರಲಿ. ಮೇಲಿನ ತಿಳಿಯನ್ನಷ್ಟೇ ಬಳಸಬೇಕು, ತಳದ ಗಷ್ಟು ಚೆಲ್ಲಬೇಕು. ಸುಣ್ಣದಲ್ಲಿರುವ ಬೇಡದ ಲೋಹಗಳಲ್ಲಿ ಬಹಳಷ್ಟು ಆ ಗಷ್ಟಿನಲ್ಲೇ ಉಳಿಯುತ್ತವೆ ಎಂಬುದು ತೊಟ್ಟಿಯ ರಸಾಯನಶಾಸ್ತ್ರದ ಬಗ್ಗೆ ವರ್ಷಗಟ್ಟಲೆ ಬರೆದ ರ್‍ಯಾಂಡಿ ಹೋಮ್ಸ್ ಫಾರ್ಲಿ ಎಂಬ ರಸಾಯನಶಾಸ್ತ್ರಜ್ಞರು ಒತ್ತಿ ಹೇಳಿದ ಮಾತು. ನೀರಿನ ಮೇಲೆ ತೆಳ್ಳಗೆ ಬಿಳಿ ಕೆನೆಗಟ್ಟಿದರೆ ಗಾಬರಿ ಬೇಡ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಸುಣ್ಣ ಮರಳಿ ಕಲ್ಲಾಗುತ್ತಿದೆ ಎಂದರ್ಥ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಹಾಲಿನಂತೆ ಮಾಡಿದ್ದೆವಲ್ಲ, ಅದೇ ಕ್ರಿಯೆ. ಆ ಕೆನೆಯನ್ನು ಕದಡದೆ ಕೆಳಗಿನ ತಿಳಿ ತೆಗೆದುಕೊಂಡರಾಯಿತು.

ಹೀಗೆ ಮಾಡಿದ ಒಂದು ಲೀಟರ್ ತಿಳಿನೀರಿನಲ್ಲಿ ಸುಮಾರು 800 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪಿಎಚ್ 12.4ರಷ್ಟು, ಅಂದರೆ ಕೈ ಸುಡುವಷ್ಟು ಕ್ಷಾರ. ಆದ್ದರಿಂದ ಒಮ್ಮೆಗೇ ಸುರಿಯಬಾರದು. ಆಸ್ಪತ್ರೆಯ ಸಲೈನ್ ನಳಿಗೆಯ ಹೊಸ ಸೆಟ್ ಒಂದನ್ನು ಔಷಧ ಅಂಗಡಿಯಿಂದ ತಂದು, ಡಬ್ಬಿಯನ್ನು ಎತ್ತರದಲ್ಲಿಟ್ಟು ಹನಿ ಹನಿಯಾಗಿ ಬಿಡುವುದು ಅಗ್ಗದ ಉಪಾಯ. ದ್ರಾಕ್ಷಿ ತೋಟದ ಡ್ರಿಪ್ ಕಂಡವರಿಗೆ ಇದನ್ನು ಕಲಿಸಬೇಕಿಲ್ಲ. ಹನಿ ಬೀಳುವ ಜಾಗದಲ್ಲಿ ನೀರು ಚೆನ್ನಾಗಿ ಹರಿಯುತ್ತಿರಬೇಕು. ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು, ಬೆಳಕಿಲ್ಲದಾಗ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದಿಲ್ಲವಾದ್ದರಿಂದ ತೊಟ್ಟಿಯ ಪಿಎಚ್ ತಾನಾಗಿ ಇಳಿದಿರುತ್ತದೆ, ಸುಣ್ಣ ಅದನ್ನು ಎತ್ತಿ ಹಿಡಿಯುತ್ತದೆ. ಪಿಎಚ್ 0.2ಕ್ಕಿಂತ ಹೆಚ್ಚು ಏರಿದರೆ ಹನಿ ನಿಧಾನ ಮಾಡಬೇಕು.

ಎಷ್ಟು ಹಾಕಬೇಕು ಎಂಬುದಕ್ಕೆ ಬಾಟಲಿಯ ಮೇಲಿನ ಚೀಟಿ ಬೇಡ, ನಿಮ್ಮ ತೊಟ್ಟಿಯನ್ನೇ ಕೇಳಿ. ನಾಲ್ಕು ದಿನ ಏನೂ ಹಾಕದೆ ಬಿಟ್ಟು, ಮೊದಲ ದಿನ ಮತ್ತು ಕೊನೆಯ ದಿನ ಕ್ಷಾರತೆ ಅಳೆಯಿರಿ. ನೂರು ಲೀಟರಿನ ತೊಟ್ಟಿಯಲ್ಲಿ ಅದು 9.0ರಿಂದ 7.9ಕ್ಕೆ ಇಳಿಯಿತು ಎನ್ನೋಣ. ದಿನಕ್ಕೆ ಸುಮಾರು 0.28 ಡಿಗ್ರಿ ಖರ್ಚು, ಜೋಡಿಯ ಲೆಕ್ಕದಲ್ಲಿ ಲೀಟರಿಗೆ 2 ಮಿಲಿಗ್ರಾಂ ಕ್ಯಾಲ್ಸಿಯಂ, ಇಡೀ ತೊಟ್ಟಿಗೆ 200 ಮಿಲಿಗ್ರಾಂ. ಲೀಟರಿಗೆ 800 ಮಿಲಿಗ್ರಾಂ ಇರುವ ತಿಳಿನೀರು ದಿನಕ್ಕೆ ಕಾಲು ಲೀಟರ್ ಸಾಕು. ತೊಟ್ಟಿಯಿಂದ ಆವಿಯಾಗಿ ಹೋಗುವ ನೀರು ಅದಕ್ಕಿಂತ ಬಹಳ ಹೆಚ್ಚು, ಅದರಲ್ಲೂ ನಮ್ಮ ಒಣ ಹವೆಯಲ್ಲಿ. ಆವಿಯಾಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ, ಹಾಗಾಗಿ ಹೇಗೂ ದಿನವೂ ಸಿಹಿನೀರು ಸೇರಿಸಲೇಬೇಕು. ಅದರಲ್ಲಿ ಕಾಲು ಲೀಟರ್ ಸುಣ್ಣದ ತಿಳಿ, ಉಳಿದದ್ದು ಬರೀ ಆರ್‌ಒ ನೀರು. ಆವಿಯಾದ ಎರಡು ಲೀಟರಿಗೂ ತಿಳಿನೀರನ್ನೇ ಸುರಿದರೆ ದಿನಕ್ಕೆ ಲೀಟರಿಗೆ 16 ಮಿಲಿಗ್ರಾಂ ಕ್ಯಾಲ್ಸಿಯಂ, ಎರಡು ಡಿಗ್ರಿಗೂ ಹೆಚ್ಚು ಕ್ಷಾರತೆ ಏರಿಬಿಡುತ್ತದೆ. ಹವಳ ತುಂಬಿದ ತೊಟ್ಟಿ ಅದನ್ನು ತಡೆದುಕೊಂಡೀತು, ಮೀನು ಮತ್ತು ಪಾಚಿಯ ತೊಟ್ಟಿಯಲ್ಲಿ ನಾಲ್ಕೈದು ದಿನಕ್ಕೆ ನೀರೆಲ್ಲ ಬೆಳ್ಳಗಾಗಿ ಸುಣ್ಣ ಉದುರುತ್ತದೆ. ಆಗ ಹಾಕಿದ ಸುಣ್ಣವೂ ಹೋಯಿತು, ಮೊದಲಿದ್ದ ಕ್ಯಾಲ್ಸಿಯಮ್ಮೂ ಇಳಿಯಿತು, ಪಂಪಿನ ಒಳಗೆ ಗಟ್ಟಿ ಪದರವೂ ಕಟ್ಟಿತು.

ಯಾವ ಸುಣ್ಣ? ಪಾನ್ ಅಂಗಡಿಯ ಟ್ಯೂಬಿನ ಸುಣ್ಣದಲ್ಲಿ ಬಣ್ಣ, ಸುವಾಸನೆ ಸೇರಿರಬಹುದು, ಬೇಡ. ಗೋಡೆಗೆ ಹೊಡೆಯುವ ಸುಣ್ಣ ಭಟ್ಟಿಯಿಂದ ಬಂದದ್ದು, ಕಲ್ಲಿನ ಜೊತೆಗಿದ್ದ ಜೇಡಿ, ಕಬ್ಬಿಣ, ಭಟ್ಟಿಯ ಬೂದಿ ಎಲ್ಲವೂ ಅದರಲ್ಲಿರುತ್ತದೆ, ಅದೂ ಬೇಡ. ಆಹಾರಕ್ಕೆ ಬಳಸುವ ದರ್ಜೆಯ ಅಥವಾ ಕಾಲೇಜು ಪ್ರಯೋಗಾಲಯಗಳಿಗೆ ಸಾಮಾನು ಪೂರೈಸುವ ಅಂಗಡಿಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ. ಒಂದು ಕಿಲೋ ಕೊಂಡರೆ ದಿನಕ್ಕೆ ಕಾಲು ಲೀಟರ್ ಲೆಕ್ಕದಲ್ಲಿ ಎರಡು ಸಾವಿರ ದಿನ, ಐದು ವರ್ಷಕ್ಕೂ ಮಿಕ್ಕಿ ಬರುತ್ತದೆ. ಬಾಟಲಿಯವರು ಇದನ್ನು ಯಾಕೆ ಜಾಹೀರಾತು ಮಾಡುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಎಲೆ ಅಡಿಕೆ ಸುಣ್ಣದ ಪೊಟ್ಟಣ ಒತ್ತಿ ಆಡುವಾಗ ಕಣ್ಣಿಗೆ ಸಿಡಿದು ಬಂದ ಮಕ್ಕಳನ್ನು ನಮ್ಮ ಕಣ್ಣಿನ ಆಸ್ಪತ್ರೆಗಳು ಹೊಸದಾಗಿ ನೋಡುತ್ತಿಲ್ಲ. ಪುಡಿ ಅಳೆಯುವಾಗ ಕನ್ನಡಕ ಇರಲಿ, ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ, ಕುಡಿಯುವ ನೀರಿನ ಬಾಟಲಿಯಲ್ಲಂತೂ ತಿಳಿನೀರು ತುಂಬಿಡಲೇಬೇಡಿ, ನೋಡಲು ಅದು ಕುಡಿಯುವ ನೀರಿನಂತೆಯೇ ಇರುತ್ತದೆ. ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನೂ ಅಗ್ಗವಾದದ್ದು ಇಲ್ಲವೇ ಎಂದು ಕೇಳುವವರು ಇದ್ದಾರೆ. ತಾಳಿಕೋಟೆಯ ಫರಸಿಯ ಎರಡು ತುಂಡು ತೊಟ್ಟಿಯಲ್ಲಿಟ್ಟರೆ ಸಾಲದೇ? ಮೊಟ್ಟೆಯ ಚಿಪ್ಪು ಪುಡಿ ಮಾಡಿ ಹಾಕಿದರೆ? ಪ್ರಶ್ನೆ ಚೆನ್ನಾಗಿದೆ, ಉತ್ತರ ಇಲ್ಲ ಎಂಬುದು. ಸಮುದ್ರದ ನೀರು 8.2ರ ಆಸುಪಾಸಿನ ಪಿಎಚ್‌ನಲ್ಲಿ ಈಗಾಗಲೇ ತನ್ನ ಮಿತಿಗಿಂತ ಹೆಚ್ಚು ಕ್ಯಾಲ್ಸಿಯಂ ಕಾರ್ಬೊನೇಟ್ ಹೊತ್ತಿರುತ್ತದೆ, ಇನ್ನಷ್ಟು ಕಲ್ಲನ್ನು ಅದು ಕರಗಿಸಿಕೊಳ್ಳುವುದಿಲ್ಲ. ಕಲ್ಲು ಕರಗಬೇಕೆಂದರೆ ನೀರು ಹುಳಿಯಾಗಬೇಕು. ಹೊರದೇಶದ ದೊಡ್ಡ ತೊಟ್ಟಿಗಳಲ್ಲಿ ಪ್ರತ್ಯೇಕ ಕೊಳವೆಯೊಳಗೆ ಹವಳದ ಜಲ್ಲಿ ತುಂಬಿ, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟು ಪಿಎಚ್ಚನ್ನು 6.5ರಷ್ಟಕ್ಕೆ ಇಳಿಸಿ ಕಲ್ಲು ಕರಗಿಸುತ್ತಾರೆ. ಸಿಲಿಂಡರು, ವಾಲ್ವು, ಪಿಎಚ್ ನಿಯಂತ್ರಕ ಎಲ್ಲ ಸೇರಿದರೆ ಅಗ್ಗ ಎಂಬ ಮಾತೇ ಉಳಿಯುವುದಿಲ್ಲ. ನಮ್ಮ ಹಿರಿಯರು ಅದೇ ಕಲ್ಲನ್ನು ಬೆಂಕಿಯಿಂದ ಕರಗುವಂತೆ ಮಾಡಿದರು. ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ನೂರು ಕಿಲೋ ಶುದ್ಧ ಸುಣ್ಣದ ಕಲ್ಲಿನಿಂದ 44 ಕಿಲೋ ಅನಿಲ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ, ನೀರು ಹಾಕಿದರೆ ಅರಳುತ್ತದೆ. ಅದನ್ನು ಮರಳಿನೊಡನೆ ಅರೆದು ಗಾರೆ ಮಾಡಿ ಗೋಡೆಗೆ ಮೆತ್ತಿದರೆ, ಹಾರಿಹೋದ ಅನಿಲವನ್ನೇ ಗಾಳಿಯಿಂದ ಮರಳಿ ಹೀರಿ ಕಲ್ಲಾಗುತ್ತದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲಿನ ಗುಮ್ಮಟ ಇವತ್ತಿಗೂ ನಿಂತಿರುವುದು ಆ ಗಾರೆಯ ಹಿಡಿತದಲ್ಲಿ.

ಫರಸಿಯ ಮಾತು ಬಂದದ್ದರಿಂದ ಒಂದು ಅಡ್ಡಮಾತು. ತಾಳಿಕೋಟೆ ಎಂದೊಡನೆ ಎಲ್ಲರಿಗೂ 1565ರ ಯುದ್ಧ ನೆನಪಾಗುತ್ತದೆ. ಆದರೆ ಆ ಊರಿನ ನೆಲದಡಿಯ ಕಲ್ಲಿನ ಕಥೆ ಇನ್ನೂ ದೊಡ್ಡದು. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಈ ಪದರಗಳು ತಾಳಿಕೋಟೆಯಿಂದ ಕಲಬುರಗಿಯ ಶಹಾಬಾದ್, ಸೇಡಂವರೆಗೆ ಹಬ್ಬಿವೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಈ ಸೀಮೆಯ ಶಿಲೆಗಳ ಬಗ್ಗೆ ವಿವರವಾಗಿ ಬರೆದರು. ಇವು ಒಂದು ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಹವಳ ಇರಲಿ, ಪ್ರಾಣಿಗಳು ಚಿಪ್ಪು ಕಟ್ಟುವುದನ್ನು ಕಲಿಯುವುದಕ್ಕೂ ಮೊದಲಿನ ಸಮುದ್ರ ಅದು. ಆದ್ದರಿಂದ ಫರಸಿಯಲ್ಲಿ ಶಂಖ ಕವಡೆ ಹುಡುಕಿದರೆ ಸಿಗುವುದಿಲ್ಲ. ಬಹಳ ಕಾಲದ ನಂತರ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಪಶ್ಚಿಮದಿಂದ ಲಾವಾ ಹರಿದು ಅದರ ಒಂದು ಭಾಗವನ್ನು ಮುಚ್ಚಿತು. ಇಂಡಿ, ಸಿಂದಗಿಯ ಕರಿಮಣ್ಣು ಆ ಲಾವಾ ಕಲ್ಲು ಕೊಳೆತು ಆದದ್ದು. ಇವತ್ತು ನೇರ ಗೆರೆ ಎಳೆದರೂ ಇಲ್ಲಿಂದ ಅರಬ್ಬಿ ಸಮುದ್ರ ಇನ್ನೂರೈವತ್ತು ಕಿಲೋಮೀಟರಿಗೂ ಆಚೆ. ಸಮುದ್ರವೇ ಕಾಣದ ಊರು ಎಂದು ಹೇಳಿಕೊಳ್ಳುವವರು ಸಮುದ್ರದ ತಳದ ಮೇಲೆಯೇ ಚಾಪೆ ಹಾಸಿ ಮಲಗುತ್ತಿದ್ದಾರೆ.

ತೊಟ್ಟಿಗೆ ಮರಳಿದರೆ, ಎರಡನೆಯ ಅಗ್ಗದ ದಾರಿ ಎರಡು ಪುಡಿಗಳದ್ದು. ಒಂದು ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದು ಅಡುಗೆ ಸೋಡಾ. ನೂರು ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಏರಿಸಲು ಎರಡು ನೀರಿನ ಅಣುಗಳಿರುವ ಕ್ಯಾಲ್ಸಿಯಂ ಕ್ಲೋರೈಡ್ 7.3 ಗ್ರಾಂ ಬೇಕು, ಅದಕ್ಕೆ ಜೋಡಿಯಾಗಿ 2.8 ಡಿಗ್ರಿ ಕ್ಷಾರತೆಗೆ ಅಡುಗೆ ಸೋಡಾ 8.4 ಗ್ರಾಂ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಬೇರೆ ಬೇರೆ ಹೊತ್ತಿಗೆ, ಒಂದೇ ದಿನ ಅಲ್ಲದೆ ಹಲವು ದಿನಕ್ಕೆ ಹಂಚಿ ಹಾಕಬೇಕು. ಒಂದೇ ಲೋಟದಲ್ಲಿ ಕಲಸಿದರೆ ಅಲ್ಲೇ ಸೀಮೆಸುಣ್ಣವಾಗುತ್ತದೆ. ಕ್ಯಾಲ್ಸಿಯಂ ಒಂದೇ ಅಥವಾ ಕ್ಷಾರತೆ ಒಂದೇ ತಪ್ಪಿದ್ದಾಗ ಸರಿಪಡಿಸಲು ಇದು ಸುಣ್ಣಕ್ಕಿಂತ ವಾಸಿ, ಯಾಕೆಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಏರಿಸಬಹುದು. ಕೊರತೆ ಏನೆಂದರೆ ಪ್ರತಿ ಸಲ ಹಿಂದೆ ಸುಮಾರು ಆರು ಗ್ರಾಂ ಅಡುಗೆ ಉಪ್ಪು ಉಳಿಯುತ್ತದೆ. ಆಗಾಗ ಒಂದಿಷ್ಟು ನೀರು ಬದಲಿಸುತ್ತಿದ್ದರೆ ಅದೇನೂ ತೊಂದರೆ ಮಾಡದು.

ಗೊಬ್ಬರದ ಅಂಗಡಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಚೀಲ ಕಂಡು ‘ಇದೂ ಕ್ಯಾಲ್ಸಿಯಮ್ಮೇ ಅಲ್ಲವೇ’ ಎಂದು ತರಬೇಡಿ. ದ್ರಾಕ್ಷಿ, ದಾಳಿಂಬೆ ಬೆಳೆಯುವ ನಮ್ಮ ತಾಲ್ಲೂಕುಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ 18.8 ಭಾಗವಾದರೆ ಸಾರಜನಕ 15.5 ಭಾಗ. ತೊಟ್ಟಿಗೆ ಹಾಕಿದರೆ ಹಸಿರು ಪಾಚಿಯ ಬೆಳೆ ಭರ್ಜರಿ ಬರುತ್ತದೆ, ಬೇರೇನೂ ಬರುವುದಿಲ್ಲ. ಜಿಪ್ಸಂ ಕೂಡ ಬೇಡ, ಅದು ಸಲ್ಫೇಟನ್ನು ಹಿಂದೆ ಬಿಡುತ್ತದೆ.

ನೀರಿನ ವಿಷಯ. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದವರು, ನಮ್ಮ ನೀರಿನಲ್ಲೇ ಸುಣ್ಣ ಇದೆಯಲ್ಲ, ಅದನ್ನೇ ಹಾಕಿದರಾಗದೇ ಎನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಯಾಲ್ಸಿಯಂ ಲೀಟರಿಗೆ 75 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 200ರವರೆಗೆ ನಡೆಯುತ್ತದೆ. ಅಂದರೆ ತೀರಾ ಗಡಸು ಎನ್ನುವ ನೀರಿನಲ್ಲೂ ಸಮುದ್ರದ ಅರ್ಧದಷ್ಟು ಕ್ಯಾಲ್ಸಿಯಂ. ಅದರ ಜೊತೆಗೆ ಹೊಲದಿಂದ ಇಳಿದ ನೈಟ್ರೇಟ್, ಕರಿಕಲ್ಲಿನಿಂದ ಕರಗಿದ ಸಿಲಿಕಾ, ಹಲವು ಕಡೆ ಫ್ಲೋರೈಡ್. ಸಿಲಿಕಾ ಗಾಜಿನ ಮೇಲೆ ಕಂದು ಪಾಚಿ ಕಟ್ಟಿಸುತ್ತದೆ. ಆವಿಯಾದ ನೀರಿನ ಬದಲಿಗೆ ದಿನವೂ ಇಂಥ ನೀರು ಸೇರಿಸುತ್ತ ಹೋದರೆ ಇವೆಲ್ಲ ತೊಟ್ಟಿಯಲ್ಲಿ ಕೂಡುತ್ತಲೇ ಹೋಗುತ್ತವೆ, ಹೊರಗೆ ಹೋಗುವ ದಾರಿಯೇ ಇಲ್ಲ. ಡೋಣಿ ಹೊಳೆಯ ಸವುಳು ನೀರಂತೂ ಉಪ್ಪಾಗಿದ್ದರೂ ಸಮುದ್ರದ ನೀರಲ್ಲ, ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪು, ಅದೂ ನಿಗದಿತ ಅನುಪಾತದಲ್ಲಿ. ಹಳ್ಳಿ ಹಳ್ಳಿಯಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಿವೆ. ಅಲ್ಲಿನ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಒಮ್ಮೆ ಅಳೆದು ನೋಡಿ, ಸಾಕಷ್ಟು ಕಡಿಮೆ ಇದ್ದರೆ ಅದೇ ಅಗ್ಗದ ಮತ್ತು ಒಳ್ಳೆಯ ನೀರು.

ಉಪ್ಪೂ ಹಾಗೆಯೇ. ಕಿರಾಣಿ ಅಂಗಡಿಯ ಹರಳುಪ್ಪು ಸಮುದ್ರದಿಂದಲೇ ಬಂದದ್ದಾದರೂ ಅದನ್ನು ಕರಗಿಸಿದರೆ ಸಮುದ್ರ ಆಗುವುದಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಏನಾಗುತ್ತದೆ ನೋಡಿ. ನೀರು ಬತ್ತುತ್ತ ಹೋದಂತೆ ಮೊದಲು ಉದುರುವುದು ಸುಣ್ಣ, ಆಮೇಲೆ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಬಹುಪಾಲು ಉಪ್ಪು ಹರಳುಗಟ್ಟುವ ಮೊದಲೇ ಹೊರಟುಹೋಗಿರುತ್ತದೆ. ಮೆಗ್ನೀಷಿಯಂ ಕೊನೆಗೆ ಉಳಿಯುವ ಕಹಿನೀರಿನಲ್ಲಿ ಉಳಿದುಬಿಡುತ್ತದೆ. ನಮ್ಮ ಚೀಲಕ್ಕೆ ಬರುವುದು ನಡುವಿನ ಸೋಡಿಯಂ ಕ್ಲೋರೈಡ್ ಮಾತ್ರ. ತೊಟ್ಟಿಗೆಂದೇ ಮಾಡಿದ ಸಮುದ್ರದ ಉಪ್ಪಿನ ಮಿಶ್ರಣಕ್ಕೆ ದುಡ್ಡು ಕೊಡಲೇಬೇಕು, ಇಲ್ಲಿ ಜಿಪುಣತನ ನಡೆಯುವುದಿಲ್ಲ.

ಮೆಗ್ನೀಷಿಯಮ್ಮಿನ ಹೆಸರು ಬಂತು. ಸಮುದ್ರದಲ್ಲಿ ಅದು ಲೀಟರಿಗೆ ಸುಮಾರು 1,290 ಮಿಲಿಗ್ರಾಂ, ಕ್ಯಾಲ್ಸಿಯಮ್ಮಿನ ಮೂರು ಪಟ್ಟು. ಹುಟ್ಟುತ್ತಿರುವ ಸುಣ್ಣದ ಹರಳಿನ ಮೈಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುವುದು ಇದರ ಕೆಲಸ. ಹೀಗಾಗಿಯೇ ಮಿತಿ ಮೀರಿದ ಸುಣ್ಣವನ್ನು ಹೊತ್ತರೂ ಸಮುದ್ರದ ನೀರು ಬೆಳ್ಳಗಾಗುವುದಿಲ್ಲ. ಸುಣ್ಣ ಹಾಕುತ್ತಿದ್ದರೂ ಕ್ಯಾಲ್ಸಿಯಂ, ಕ್ಷಾರತೆ ಎರಡೂ ನಿಲ್ಲುತ್ತಿಲ್ಲ ಎಂದಾದರೆ ಮೆಗ್ನೀಷಿಯಂ ಕಡಿಮೆಯಾಗಿದೆಯೇ ನೋಡಬೇಕು. ಗುಲಾಬಿ ಪಾಚಿ ತನ್ನ ಸುಣ್ಣದಲ್ಲಿ ಮೆಗ್ನೀಷಿಯಮ್ಮನ್ನೂ ಸೇರಿಸಿಕೊಳ್ಳುತ್ತದೆ, ತಿಳಿನೀರಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀರು ಬದಲಿಸಿದಾಗ ಉಪ್ಪಿನ ಮಿಶ್ರಣದಿಂದಲೇ ಬಹುತೇಕ ಭರ್ತಿಯಾಗುತ್ತದೆ.

ಕ್ಯಾಲ್ಸಿಯಂ ಅಳೆಯುವ ಕಿಟ್ ದುಬಾರಿ ಎನಿಸಿದರೆ ಊರಿನ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗ ನೆನಪಿರಲಿ. ಇಡಿಟಿಎ ದ್ರಾವಣದಿಂದ ನೀರಿನ ಗಡಸುತನ ಅಳೆಯುವುದು ವಿದ್ಯಾರ್ಥಿಗಳ ಪ್ರಯೋಗದ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ಚನ್ನು 12ರ ಮೇಲಕ್ಕೆ ಏರಿಸಿದರೆ ಮೆಗ್ನೀಷಿಯಂ ಉದುರಿ ಪಕ್ಕಕ್ಕೆ ಸರಿಯುತ್ತದೆ, ಆಗ ಅದೇ ಇಡಿಟಿಎ ಕ್ಯಾಲ್ಸಿಯಮ್ಮನ್ನು ಮಾತ್ರ ಅಳೆಯುತ್ತದೆ. ಸಮುದ್ರದ ನೀರನ್ನು ಮೊದಲು ಹತ್ತು ಪಟ್ಟು ತೆಳು ಮಾಡಿಕೊಳ್ಳಬೇಕು. ಮೇಷ್ಟ್ರನ್ನು ಕೇಳಿದರೆ ಬೇಡ ಎನ್ನಲಾರರು, ಬೋರ್ ನೀರು ಅಳೆದು ಬೇಸತ್ತ ಹುಡುಗರಿಗೂ ಒಂದು ಹೊಸ ನೀರು ಸಿಕ್ಕಂತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಾಸ್ತವ. ನಮ್ಮ ಜಿಲ್ಲೆಯಲ್ಲಿ ಉಪ್ಪುನೀರಿನ ತೊಟ್ಟಿ ಇಡುವವನ ಖರ್ಚಿನಲ್ಲಿ ಕ್ಯಾಲ್ಸಿಯಂ ತೀರಾ ಸಣ್ಣ ಬಾಬತ್ತು. ತೊಟ್ಟಿಯ ನೀರು 25ರಿಂದ 27 ಡಿಗ್ರಿಯಲ್ಲಿ ಇರಬೇಕು, ಹೊರಗೆ ಬೇಸಿಗೆ ಉರಿಯುತ್ತಿರುತ್ತದೆ. ತಂಪು ಮಾಡುವ ಯಂತ್ರದ ಕರೆಂಟು ಬಿಲ್ಲಿನ ಮುಂದೆ ಸುಣ್ಣದ ಲೆಕ್ಕ ಚಿಲ್ಲರೆ. ನೀರಿನ ಮೇಲೆ ಸಣ್ಣ ಫ್ಯಾನು ಬೀಸಿಸಿ ಆವಿಯಾಗಿಸಿದರೆ ಎರಡು ಮೂರು ಡಿಗ್ರಿ ಇಳಿಸಬಹುದು, ಒಣ ಹವೆ ಇಲ್ಲಿ ನಮ್ಮ ಪರವಾಗಿದೆ. ಆದರೆ ಕರೆಂಟು ಹೋಗುವ ಮಧ್ಯಾಹ್ನಗಳ ಬಗ್ಗೆ ಮೊದಲೇ ಯೋಚಿಸಿರಬೇಕು. ಆ ಖರ್ಚಿಗೆ ಸಿದ್ಧನಿಲ್ಲದವನು ಸಿಹಿನೀರಿನ ಮೀನಿನಲ್ಲೇ ಸುಖವಾಗಿರಬಹುದು, ಅದರಲ್ಲಿ ಕಡಿಮೆ ಏನೂ ಇಲ್ಲ. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ.

ಸಿದ್ಧನಿರುವವನಿಗೆ ಸುಣ್ಣದ ಬಗ್ಗೆ ಕೊನೆಯ ಒಂದು ವಿಷಯ. ಒಂದು ಕಿಲೋ ಐದು ವರ್ಷ ಬರುತ್ತದೆ ಎಂದೆನಲ್ಲ, ಅದು ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಮಾತ್ರ. ಕಾಗದದ ಪೊಟ್ಟಣದಲ್ಲಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕೆಲವೇ ತಿಂಗಳಲ್ಲಿ ಮರಳಿ ಕಲ್ಲಿನ ಪುಡಿಯಾಗುತ್ತದೆ, ಆಮೇಲೆ ಎಷ್ಟು ಕಲಸಿದರೂ ಕರಗುವುದಿಲ್ಲ. ತಂದ ದಿನವೇ ಅದನ್ನು ಗಾಳಿಯಾಡದ ನಾಲ್ಕೈದು ಸಣ್ಣ ಡಬ್ಬಿಗಳಿಗೆ ಹಂಚಿ, ಒಂದು ಖಾಲಿಯಾಗುವವರೆಗೆ ಇನ್ನೊಂದನ್ನು ತೆರೆಯಬಾರದು. ಹಳೆಯ ಡಬ್ಬಿಯ ಬಗ್ಗೆ ಅನುಮಾನ ಬಂದರೆ ಒಂದು ಚಿಟಿಕೆ ಪುಡಿಯ ಮೇಲೆ ಅಡುಗೆಮನೆಯ ವಿನೆಗರ್ ನಾಲ್ಕು ಹನಿ ಬಿಡಿ. ಸದ್ದಿಲ್ಲದೆ ಕರಗಿದರೆ ಸುಣ್ಣ ಚೆನ್ನಾಗಿದೆ. ಬುಸ್ಸೆಂದು ನೊರೆ ಎದ್ದರೆ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕಿ, ಹೊಸ ಡಬ್ಬಿ ತೆರೆಯಿರಿ.